ಗೋಡೆ ಕಟ್ಟಿದ ಮೇಸ್ತ್ರಿಯ ಪ್ರಾರ್ಥನೆ

ಹೊಡೆದಾಡಿಕೊಂಡ ಎರಡು ಜನಾಂಗಗಳ ಕೇರಿಗಳ ನಡುವೆ ಸರ್ಕಾರ ಎಬ್ಬಿಸಿದ ಗೋಡೆಯನ್ನು ಕಟ್ಟಿದವರು ಮೇಸ್ತ್ರಿಯೇ. ಅದು ಬೀಳಲಿ ಎಂದು ದಿನವೂ ದೇವರ ಪ್ರಾಣ ತಿನ್ನುವವರೂ ಅವರೇ. ಬೆಳಿಗ್ಗೆ ಎದ್ದೊಡನೆ ಹೋಗಿ ಉಗುರಿನಿಂದ ಗಾರೆ ಕೆರೆದು, "ಇನ್ನೂ ಗಟ್ಟಿಯಾಗಿದೆ, ಹಾಳಾದ್ದು!" ಎಂದು ಬೈಯುತ್ತಾರೆ, ಬೈಯುವಾಗಲೂ ತಮ್ಮ ಕೈಕೆಲಸಕ್ಕೆ ಒಳಗೊಳಗೇ ಬೀಗುತ್ತಾರೆ. ಆಚೆ ಯಾರಾದರೂ ಕೆಮ್ಮಿದರೆ, "ಬಿಸಿನೀರು ಕುಡಿಯಪ್ಪಾ!" ಎಂದು ಇಡೀ ಕೇರಿಗೆ ಕೇಳುವಂತೆ ಕೂಗುತ್ತಾರೆ. ಊಟಕ್ಕೆ ಮುಂಚಿನ ಅವರ ಪ್ರಾರ್ಥನೆ ಮನೆಯವರ ಹೆಸರುಗಳನ್ನು ಒಂದೇ ಉಸಿರಿಗೆ ಮುಗಿಸಿ, ಆಚೆಯ ಬಾಣಂತಿಯರು, ಮುದುಕರು, ಪರೀಕ್ಷೆ ಬರೆಯುವ ಮಕ್ಕಳು ಎಂದು ಬೆಳೆಯುತ್ತಲೇ ಹೋಗುತ್ತದೆ. ತಟ್ಟೆಯಲ್ಲಿ ಅನ್ನ ಆರಿ ತಣ್ಣಗಾಗುತ್ತದೆ. ಯಾರಾದರೂ ಗೊಣಗಿದರೆ, "ಅವರನ್ನೂ ಹುಟ್ಟಿಸಿದ್ದು ಅವನೇ ತಾನೆ? ಅವನಿಗೇನು ಗೋಡೆ ಅಡ್ಡ ಬರುತ್ತಾ?" ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆಗೆ ಇದೆಲ್ಲ ತಮಾಷೆಯಾಗಿತ್ತು. ಆದರೆ ಒಂದು ಮಧ್ಯಾಹ್ನ ಆಚೆಯಿಂದ ಬಂದ ಕಲ್ಲು ಅಡುಗೆಮನೆಯ ಹೆಂಚು ಒಡೆದು ಒಲೆಯ ಪಕ್ಕದಲ್ಲೇ ಬಿದ್ದಾಗ ಅವಳಿಗೆ ರೇಗಿಹೋಯಿತು. "ಮಾವ, ಕಲ್ಲು ಹೊಡೆಯೋರಿಗೂ ಒಳ್ಳೇದಾಗಲಿ ಅಂತೀರಾ?" ಎಂದು ಕೇಳಿಯೇಬಿಟ್ಟಳು. ಮಾವನ ಎಡಗಣ್ಣು ಸುಣ್ಣ ಬಿದ್ದು ಹೋದದ್ದೆಂದೇ ಅವಳು ತಿಳಿದಿದ್ದಳು. ಅವರು ಆ ಕಣ್ಣನ್ನು ಮೆಲ್ಲಗೆ ಒರೆಸಿಕೊಂಡರು. "ಇದಕ್ಕೆ ಕಲ್ಲು ಹೊಡೆದವನು ಆಗ ಚಿಕ್ಕ ಹುಡುಗ ಕಣಮ್ಮಾ. ಈಗ ಅವನಿಗೂ ವಯಸ್ಸಾಗಿರುತ್ತೆ. ಅವನ ಕಣ್ಣು ಮಂಜಾಗದೆ ಇರಲಿ ಅಂತ ದಿನಾ ಕೇಳ್ಕೋತೀನಿ. ಈ ಗೋಡೆ ಬೀಳೋದನ್ನ ಅವನೂ ನೋಡಬೇಕಲ್ಲ!"