ಇಂಗ್ಲಿಷಿನಲ್ಲಿ ಬರೆದ ಅಜ್ಜಿಯ ಸಾವು

ಹೊಗೆಸೊಪ್ಪಿನ ವಾಸನೆ ಬಂದರೆ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಹಳೆಯ ಟ್ರಂಕು ತೆಗೆದಾಗ ನನ್ನ ಏಳನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ಕಿನಿಂದ ಅದೇ ವಾಸನೆ ಎದ್ದು ಬಂತು. ಗಾವಡಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅದು ಅಂಟದ ವಸ್ತುವೇ ಇರಲಿಲ್ಲ. ಹೊಗೆಸೊಪ್ಪು ಒಣಗಿಸುವ ಹಿತ್ತಿಲ ಬ್ಯಾರನ್ನಿನಲ್ಲಿ ಬೆಂಕಿ ಉರಿಯುವ ದಿನಗಳಲ್ಲಿ ಹಾಸಿಗೆ, ಬಟ್ಟೆ, ಉಣ್ಣುವ ಅನ್ನ ಎಲ್ಲಕ್ಕೂ ಆ ಘಾಟು. ಅದರೊಳಗೆ ತೂಗುಹಾಕಲು ಕಡ್ಡಿಗೆ ಸೊಪ್ಪು ಕಟ್ಟಿ ಕಟ್ಟಿ ಅಜ್ಜಿಯ ಬೆರಳಿಗೆಲ್ಲ ಕಪ್ಪು ಅಂಟು ಮೆತ್ತಿರುತ್ತಿತ್ತು. ಆ ಕೈಯಿಂದ ಮುರಿದುಕೊಡುವ ಮುದ್ದೆಗಾಗಿ ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ಆಗ ಯಾವುದೂ ಅಸಹ್ಯವೆನಿಸುತ್ತಿರಲಿಲ್ಲ.

ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. "ಅಸ ಕರ್ದಾದ್ ಮ್ಯಾಕೆ ತಲೆ ಬಾಚ್ತೀನಿ, ಸೊಪ್ಪು ಇಳ್ಸಿದ್ ಮ್ಯಾಕೆ ಅತ್ತೆ ಮನೆಗೆ ಓಗಣ" ಎನ್ನುವಳು. ಅವಳ ದಿನ ಸಾಗುತ್ತಿದ್ದುದೇ ಹಾಗೆ. ಮೈಸೂರಿನಲ್ಲಿ ಓದಿ ಬಂದಿದ್ದ ಚಿಕ್ಕಪ್ಪನಿಗೆ ಅದು ಹಳ್ಳಿಗಮಾರತನ. ಒಂದು ಘಟನೆಯಾದ ಮೇಲೆ ಏನೇನಾಯಿತೆಂದು ಇಂಗ್ಲಿಷಿನಲ್ಲಿ ಹೇಳಲು ಬರಬೇಕು ಎಂದು ಜಗಲಿಯಲ್ಲಿ ಕೂರಿಸಿ, "ಆಫ್ಟರ್ ದಟ್, ಸೂನ್ ಆಫ್ಟರ್, ಲೇಟರ್, ಫೈನಲಿ" ಎಂದು ನನ್ನಿಂದ ಉರು ಹೊಡೆಸುತ್ತಿದ್ದ. ಒಂದು ಬೆಳಿಗ್ಗೆ, ಜ್ವರದಿಂದ ನಡುಮನೆಯಲ್ಲಿ ಮಲಗಿದ್ದ ಅಜ್ಜಿ "ವಸಿ ನೀರ್ ತತ್ತಾ ಮಗಾ" ಎಂದಳು. ಎದ್ದೆ. ಚಿಕ್ಕಪ್ಪ ನನ್ನನ್ನು ದುರುಗುಟ್ಟಿ ನೋಡಿದ. "ತಡಿ ಅಜ್ಜಿ, ಇದೊಂದ್ ಓದ್ಬುಟ್ಟು ಬತ್ತೀನಿ" ಎಂದು ಮತ್ತೆ ಕೂತೆ. ಪಾಠ ಮುಗಿಸಿ ಲೋಟ ಹಿಡಿದು ಹೋದಾಗ ಅವಳ ಬಾಯಿ ತೆರೆದೇ ಇತ್ತು, ಉಸಿರು ನಿಂತಿತ್ತು.

ಹಾಲು-ತುಪ್ಪದ ದಿನ ಚಿಕ್ಕಪ್ಪನೆಂಬ ಆ ಮನುಷ್ಯ ನನ್ನಿಂದ ಅಜ್ಜಿಯ ಸಾವನ್ನೇ ಇಂಗ್ಲಿಷಿನಲ್ಲಿ ಬರೆಸಿದ. ಮನೆ ತುಂಬ ಊಟಕ್ಕೆ ಕೂತಿದ್ದ ನೆಂಟರ ಮುಂದೆ ನಿಲ್ಲಿಸಿ ಓದಿಸಿದ, ಕೆಂಪು ಇಂಕಿನಲ್ಲಿ 'ವೆರಿ ಗುಡ್' ಎಂದು ಗೀಚಿದ. ನಾನು ಹಿಗ್ಗಿದೆ. ಆ ಹಿಗ್ಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಪಿರಿಯಾಪಟ್ಟಣದಿಂದ ಬಂದಿದ್ದ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, "ನಮ್ಗೂ ತಿಳಿಯಂಗೆ ಯೋಳವ್ವಾ" ಎಂದಳು. ಕನ್ನಡದಲ್ಲಿ ಹೇಳಿದೆ: ಅಜ್ಜಿ ತೀರಿಕೊಂಡಳು, ಅದಾದ ಮೇಲೆ ನೆಂಟರು ಬಂದರು, ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಫಿ ಕೊಟ್ಟೆವು, ಕೊನೆಗೆ ಮಣ್ಣು ಮಾಡಿದೆವು. ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ಚಿಕ್ಕಜ್ಜಿ ಮೆಲ್ಲಗೆ ಕೇಳಿದಳು, "ನಮ್ಮಕ್ಕನ ಬಾಯ್ಗೆ ನೀರ್ ಬುಟ್ಟೋರು ಯಾರವ್ವಾ?"

ಚಿಕ್ಕಪ್ಪ ಗೋಡೆ ನೋಡಿದ. "ನಾನೇ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಈಗ ಆ ಮನೆಯಿಲ್ಲ, ಬ್ಯಾರನ್ ಕೆಡವಿ ಸೈಟು ಮಾಡಿದ್ದಾರೆ. ಹೋದ ವರ್ಷ ಚಿಕ್ಕಜ್ಜಿ ಹಾಸಿಗೆ ಹಿಡಿದಾಗ, ಮಕ್ಕಳು ಮೊಮ್ಮಕ್ಕಳು ಸುತ್ತ ಇದ್ದರೂ ನನಗೇ ಹೇಳಿಕಳಿಸಿದಳು. ಹೋಗಿ ಪಕ್ಕದಲ್ಲಿ ಕೂತೆ. "ಅಕ್ಕಂಗೆ ಬುಟ್ಟ ಕೈ ಕಣವ್ವಾ, ನಂಗೂ ನೀನೇ ಬುಡು" ಎಂದು ಬಾಯಿ ತೆರೆದಳು. ಬಿಟ್ಟೆ.