ಅಂಟಮ್ಮ ಹೇಳದ ಒಂದು ಮಾತು

ಅಂಟಮ್ಮನ ವಿಷಯ ನಾನು ಮೊದಲು ಕೇಳಿದ್ದು ಕೋರ್ಟಿನ ಮೆಟ್ಟಿಲ ಮೇಲೆ. ನನ್ನ ತಮ್ಮ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸದಲ್ಲಿದ್ದ. ಪಕ್ಕದ ಗೋದಾಮಿಗೆ ಕಳ್ಳರು ನುಗ್ಗಿ, ಕಾವಲುಗಾರನ ಬಾಯಿಗೆ ಕಂದು ಟೇಪು ಬಿಗಿದು ಹೋಗಿದ್ದರು. ಪಾಪ, ಉಸಿರುಕಟ್ಟಿ ಸತ್ತ. ಅಂಥದ್ದೇ ಟೇಪಿನ ರೋಲು ತಮ್ಮನ ಚೀಲದಲ್ಲಿ ಸಿಕ್ಕಿತೆಂದು ಪೊಲೀಸರು ಅವನನ್ನು ಹಿಡಿದರು. ಆ ರಾತ್ರಿ ಅವನು ಮನೆಯಲ್ಲೇ ಮಲಗಿದ್ದನೆಂದು ನಾನು ಬಲ್ಲೆ. ಆದರೆ ಒಡಹುಟ್ಟಿದವಳ ಮಾತನ್ನು ಯಾರು ನಂಬುತ್ತಾರೆ?

"ಪೊಲೀಸ್ ಪ್ರಯೋಗಾಲಯದ ಮೇಡಂ ಒಬ್ರು ಎರಡು ಟೇಪೂ ಹೊಂದುತ್ತೆ ಅಂತ ಬರೆದಿದ್ದಾರಂತೆ," ಎಂದ ನಮ್ಮ ವಕೀಲ.

"ಅವಳ ಕೈ ಸೇದಿಹೋಗ!"

"ಮೆಲ್ಲಗಮ್ಮ! ನಿಮ್ಮ ಹಿಂದೇನೇ ನಿಂತಿದ್ದಾರೆ."

ತಿರುಗಿದೆ. ದಪ್ಪ ಕನ್ನಡಕದ ಗಿಡ್ಡ ಹೆಂಗಸು. ರವಿಕೆಯ ತೋಳಿನ ಅಂಚಿಗೆ ಟೇಪಿನ ಚೂರೊಂದು ಅಂಟಿಕೊಂಡಿತ್ತು. ಅದು ಯಾವಾಗಲೂ ಇರುತ್ತಿತ್ತಂತೆ. ಪ್ರಯೋಗಾಲಯದ ಜವಾನರು ಅವರಿಗೆ ಅಂಟಮ್ಮ ಎಂದು ಹೆಸರಿಟ್ಟಿದ್ದು ಅದಕ್ಕೇ.

ಒಳಗೆ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಸತ್ತ ಕಾವಲುಗಾರನ ಹೆಂಡತಿ. ಅಂಟಮ್ಮ ನ್ಯಾಯಾಧೀಶರಿಗೆ ಬಿಡಿಸಿ ಹೇಳಿದರು. ಟೇಪೆಂದರೆ ಮೇಲೊಂದು ಪ್ಲಾಸ್ಟಿಕ್ ಪದರ, ಕೆಳಗೆ ಅಂಟು. ಅಂಟಿನಲ್ಲಿ ತಯಾರಿಸುವವರು ಒಬ್ಬೊಬ್ಬರು ಒಂದೊಂದು ಬೆರೆಸುತ್ತಾರೆ. ಚೂರು ಕೆರೆದು ಯಂತ್ರಕ್ಕೆ ಕೊಟ್ಟರೆ ಗೆರೆಗಳಾಗಿ ಬರೆದು ತೋರಿಸುತ್ತದೆ.

"ಹಾಗಾದ್ರೆ ಎರಡೂ ಒಂದೇ ರೋಲಿಂದು," ಎಂದರು ಸರ್ಕಾರಿ ವಕೀಲರು.

"ಬೇರೆ ಬೇರೆ ಅಂತ ಹೇಳೋಕಾಗಲ್ಲ ಅಂತ ಬರೆದೆ, ಸ್ವಾಮಿ. ಒಂದೇ ರೋಲು ಅಂತ ಬರೆದಿಲ್ಲ."

"ಎರಡಕ್ಕೂ ಏನು ವ್ಯತ್ಯಾಸ?"

"ಊರಿನ ಅಂಗಡಿಗಳಿಂದ ಕಂದು ಟೇಪು ತರಿಸ್ದೆ. ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಇಟ್ಟು ನೋಡ್ದೆ. ಎಷ್ಟೋ ಜೋಡಿ ಬೇರೆ ಅಂತ ಗೊತ್ತಾಯ್ತು. ಕೆಲವು ಜೋಡಿ ಬೇರೆ ಬೇರೆ ಅಂಗಡಿಯವಾದ್ರೂ ನನ್ನ ಯಂತ್ರಕ್ಕೆ ಒಂದೇ ಥರ ಕಂಡ್ವು. ಈ ಟೇಪೂ ಅಂಥದ್ದೇ. ಇಂಥ ರೋಲು ಎಷ್ಟು ಮನೇಲಿದ್ಯೋ ನಾನು ಹೇಗೆ ಹೇಳ್ಲಿ?"

"ಮತ್ತೆ ನಿಮ್ಮ ಯಂತ್ರ ಯಾಕ್ರೀ ಬೇಕು?"

"ಬೇರೆ ಆಗಿದ್ದಿದ್ರೆ ಖಡಾಖಂಡಿತವಾಗಿ ಹೇಳ್ತಿತ್ತು."

ತಮ್ಮ ಬಿಡುಗಡೆಯಾಗಿ ಬಂದ. ಆದರೆ "ಸಾಕ್ಷಿ ಸಾಲ್ದೆ ಬಿಟ್ರು" ಎನ್ನುವುದು ಬೀದಿಯವರ ಬಾಯಲ್ಲಿ ನಿಂತೇ ಹೋಯಿತು. ಅವನಿಗೆ ಎಲ್ಲೂ ಕೆಲಸ ಕೊಡಲಿಲ್ಲ. ತಡೆಯಲಾರದೆ ಹಣ್ಣು ತೆಗೆದುಕೊಂಡು ಅಂಟಮ್ಮನ ಮನೆಗೆ ಹೋದೆ.

"ಹಣ್ಣು ವಾಪಸ್ ತಗೊಂಡು ಹೋಗಿ," ಎಂದು ಬಾಗಿಲಲ್ಲೇ ನಿಲ್ಲಿಸಿದರು.

"ಇವನು ಮಾಡಿಲ್ಲ ಅಂತ ಒಂದು ಮಾತು ಅಂದ್ಬಿಡಿ ತಾಯಿ. ಅಷ್ಟು ಸಾಕು."

"ಟೇಪಿಗೆ ಅದು ಗೊತ್ತಿಲ್ಲಮ್ಮ. ನನಗೂ ಗೊತ್ತಿಲ್ಲ."

ಅವರು ನಿವೃತ್ತರಾದ ಮೇಲೆ ಅಡುಗೆಗೆ ಜನ ಬೇಕೆಂದು ಗೊತ್ತಾಯಿತು. ಅಷ್ಟರಲ್ಲಿ ನನ್ನ ಯಜಮಾನರೂ ತೀರಿಕೊಂಡಿದ್ದರು. ಆ ಒಂದು ಮಾತಿನ ಆಸೆಗೇ ಸೇರಿಕೊಂಡೆ. ಅವರದು ಒಂಟಿ ಜೀವ. ಮನೆಯಲ್ಲಿ ಟೇಪು ಇಡುತ್ತಿರಲಿಲ್ಲ, ಹರಿದ ಪೊಟ್ಟಣಕ್ಕೂ ದಾರ ಕಟ್ಟುತ್ತಿದ್ದರು. ಬೆರಳ ತುದಿಗಳು ಅಂಟು ಕೆರೆದು ಕೆರೆದು ನುಣ್ಣಗಾಗಿದ್ದವು. "ಅಕ್ಕ, ಸಾರಿಗೆ ಉಪ್ಪಿಲ್ಲ" ಎಂದರೆ, "ಯಂತ್ರಕ್ಕೆ ಕೊಟ್ಟು ನೋಡಿ" ಎನ್ನುತ್ತಿದ್ದೆ. ನಗುತ್ತಿದ್ದರು. ಆ ಮಾತು ಮಾತ್ರ ಬಾಯಿಂದ ಬರಲೇ ಇಲ್ಲ.

ಒಂದು ಮಧ್ಯಾಹ್ನ ಕಾವಲುಗಾರನ ಹೆಂಡತಿ ಬಂದಳು. ನಾನಿಲ್ಲದ ಹೊತ್ತಿನಲ್ಲಿ ಆಗಾಗ ಬರುತ್ತಿದ್ದಳಂತೆ. "ಅವನೇ ಮಾಡಿದ್ದು ಅಂತ ಒಂದು ಮಾತು ಅನ್ನಿ ಮೇಡಂ. ನೆಮ್ಮದಿಯಾಗಿ ಸಾಯ್ತೀನಿ," ಎಂದಳು. ಅಂಟಮ್ಮ ನನಗೆ ಅಂದದ್ದನ್ನೇ ಅವಳಿಗೂ ಅಂದರು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ನಾನು ನೀರು ತಂದೆ. ಅವಳು ನನ್ನ ಗುರುತು ಹಿಡಿದು, ಲೋಟ ಮುಟ್ಟದೆ ಎದ್ದುಹೋದಳು. ಅಂದಿನಿಂದ ಬರಲಿಲ್ಲ. ನಾನೂ ಅಂದಿನಿಂದ ಆ ಮಾತು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅಂಟಮ್ಮನಿಗೆ ಮಾತಾಡಲು ಹೆಚ್ಚು ತ್ರಾಣವಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ನಾನಿದ್ದ ಕಡೆ ನೀವಿದ್ರಿ ಅಂತ ಆ ಕಾವಲುಗಾರನ ಹೆಂಡತಿ ಬರೋದು ಬಿಟ್ಲು. ಇನ್ನು ನಾನೂ ಇರಲ್ಲ. ನೀವೇ ಒಂದ್ಸಲ ಅವಳ ಮನೆಗೆ ಹೋಗಿ ಬನ್ನಿ, ಅಕ್ಕ."

"ಏನಂತ ಹೇಳ್ಲಿ ಹೋಗಿ?"

"ಏನೂ ಹೇಳ್ಬೇಡಿ. ಅವಳು ನೀರು ಕೊಟ್ರೆ ಕುಡ್ದು ಬನ್ನಿ."