ನೆಟ್ಟಾ ಲಂಸ್ಡೆನ್‌ಗೆ ಬಂದ ಕಡಿಮೆ ಬಿಲ್ಲು

ನೆಟ್ಟಾ ಲಂಸ್ಡೆನ್ ಸುಲಭಕ್ಕೆ ಯಾರನ್ನೂ ನಂಬುವವರ ಪೈಕಿ ಅಲ್ಲ. ಡಂಡೀ ಊರಿನ ಏರುಬೀದಿಯ ಬೇಕರಿಯೊಂದರಲ್ಲಿ ಮೂವತ್ತೊಂದು ವರ್ಷ ಗಲ್ಲಾದ ಹಿಂದೆ ನಿಂತವಳು. ನೋಟು ಕೊಟ್ಟವನು ಪಾದ್ರಿಯೇ ಆಗಿದ್ದರೂ ಅದನ್ನು ಬೆಳಕಿಗೆ ಹಿಡಿದು ನೋಡದೆ ಪೆಟ್ಟಿಗೆಗೆ ಹಾಕಿದವಳಲ್ಲ. ನಿವೃತ್ತಿಯಾಗಿ ಒಂಬತ್ತು ವರ್ಷವಾಯಿತು, ಚಾಳಿ ಮಾತ್ರ ಹೋಗಲಿಲ್ಲ. ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿ ನಕ್ಕರೆ ಸಾಕು, ಇವಳು ಮಳೆಕೋಟು ತೆಗೆದಿಡುತ್ತಾಳೆ.

ಇಂಥವಳಿಗೆ ಗ್ಯಾಸು, ಕರೆಂಟಿನ ಕಂಪನಿ ಬದಲಾಯಿಸು ಎಂದರೆ ಹೇಗಾಗಬೇಡ? ಬೀದಿಯವರೆಲ್ಲ ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು. ಅದೇ ಕೊಳವೆಯ ಗ್ಯಾಸು, ಅದೇ ತಂತಿಯ ಕರೆಂಟು, ಬಿಲ್ಲಿನ ನೆತ್ತಿಯ ಮೇಲಿನ ಹೆಸರು ಮಾತ್ರ ಬೇರೆ. ನೆಟ್ಟಾ ಇನ್ನೂ ತನ್ನ ಕಂಪನಿಯನ್ನು 'ಬೋರ್ಡು' ಎಂದೇ ಕರೆಯುತ್ತಿದ್ದಳು. ಸರಕಾರದ ಬೋರ್ಡು ಮಾರಾಟವಾಗಿ ಮೂವತ್ತು ವರ್ಷ ದಾಟಿತ್ತು. ಕಳೆದ ಚಳಿಗಾಲ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕನೊಬ್ಬ ಬಾಗಿಲು ತಟ್ಟಿ, ಗ್ಯಾಸು, ಕರೆಂಟು ಎರಡನ್ನೂ ನಮ್ಮ ಕಂಪನಿಗೇ ಕೊಡಿ ಎಂದಿದ್ದ. ನೆಟ್ಟಾ ಚೀಟಿಯನ್ನು ಕಿತ್ತುಕೊಂಡು ಬಾಗಿಲು ಹಾಕಿದಳು. ಅದರ ಮೇಲಿನ ನಂಬರಿಗೆ ಫೋನು ಮಾಡಿ ಇಪ್ಪತ್ತು ನಿಮಿಷ ಕಾದಳು. ಬಾಗಿಲು ತೆರೆದಾಗ ಅವನು ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ನಿನ್ನ ಕಂಪನಿ ಫೋನ್ ಎತ್ಲಿಲ್ಲಪ್ಪ," ಎಂದಳು ನೆಟ್ಟಾ, ಚೀಟಿ ಹಿಂದಕ್ಕೆ ಕೊಡುತ್ತ. "ನಾಳೆ ನನ್ನ ಹೀಟರ್ ಕೆಟ್ರೂ ಎತ್ತಲ್ಲ."

ಅಷ್ಟಕ್ಕೂ ಬದಲಾಯಿಸುವ ಅಗತ್ಯ ಅವಳಿಗೆ ಇರಲಿಲ್ಲ. ಹನ್ನೆರಡು ವರ್ಷದಿಂದ ಇಡೀ ಕಟ್ಟಡದಲ್ಲಿ ಎಲ್ಲರಿಗಿಂತ ಕಡಿಮೆ ಕರೆಂಟ್ ಬಿಲ್ಲು ಬರುತ್ತಿದ್ದುದು ಅವಳಿಗೇ. ಅದು ತನ್ನ ಜಾಣತನ ಎಂದು ಅವಳು ಹೇಳಿಕೊಂಡು ತಿರುಗುತ್ತಿದ್ದಳು. ಹೆಚ್ಚಾಗಿ ಹೇಳುತ್ತಿದ್ದುದು ಎದುರು ಬಾಗಿಲಿನ ಮಿಸೆಸ್ ಪೆಟ್ರಿಗೆ. ಮಿಸೆಸ್ ಪೆಟ್ರಿಗೆ ಎಪ್ಪತ್ತೊಂಬತ್ತು ವರ್ಷ, ಸಣ್ಣ ದನಿಯ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಅವಳ ಬಿಲ್ಲು ನೋಡಿದರೆ ಮಾತ್ರ ಮನೆಯಲ್ಲಿ ಹತ್ತು ಜನ ಇದ್ದಂತೆ.

"ಏನೋ ಹಾಕಿಟ್ಟು ಮರೀತೀರಿ ನೀವು, ಮಿಸೆಸ್ ಪೆಟ್ರಿ," ಎನ್ನುತ್ತಿದ್ದಳು ನೆಟ್ಟಾ. "ವಯಸ್ಸಾಯ್ತು ನೋಡಿ. ತಲೆ ಜೊತೆ ಕೊಡಲ್ಲ."

"ಇರ್ಬೇಕು," ಎನ್ನುತ್ತಿದ್ದಳು ಮಿಸೆಸ್ ಪೆಟ್ರಿ. ಅವಳು ಮೊದಲು ಹೀಟರು ನಿಲ್ಲಿಸಿದಳು. ಆಮೇಲೆ ಚಳಿಗಾಲದಲ್ಲಿ ಫ್ರಿಜ್ಜು ನಿಲ್ಲಿಸಿ ಹಾಲನ್ನು ಕಿಟಕಿಯ ಹೊರಗಿಟ್ಟಳು. ಹಗಲು ಲೈಬ್ರರಿಯಲ್ಲಿ ಕೂತಳು, ಮನೆಯೊಳಗೂ ಕೋಟು ತೊಟ್ಟೇ ಇದ್ದಳು. ಬಿಲ್ಲು ಇಳಿಯಲಿಲ್ಲ. ತಾನು ಏನನ್ನು ಹಾಕಿಟ್ಟು ಮರೆಯುತ್ತಿದ್ದೇನೆಂದು ಹುಡುಕಿ ಹುಡುಕಿ, ಕೊನೆಗೆ ಮರೆವೇ ಬಂದಿದೆ ಎಂದು ಒಪ್ಪಿಕೊಂಡಳು. ವಯಸ್ಸಾದವರ ವಸತಿಗೃಹಕ್ಕೆ ಹೆಸರು ಬರೆಸಿದಳು. ಸೋಮವಾರ ಅವರು ಸಹಿ ಹಾಕಿಸಿಕೊಳ್ಳಲು ಬರುವವರಿದ್ದರು. ನಲವತ್ತನಾಲ್ಕು ವರ್ಷ ಬಾಳಿದ ಮನೆಯನ್ನು ಅವಳು ಬಿಟ್ಟುಕೊಡುತ್ತಿದ್ದುದು ಇದಕ್ಕೇ.

ನೆಟ್ಟಾ ಕಟುಕಿಯೇನಲ್ಲ. ಪ್ರತಿ ಶುಕ್ರವಾರ ಓವನ್ನಿನಿಂದ ತೆಗೆದ ಬಿಸಿ ಸ್ಕೋನು ಬನ್ನು ನಾಲ್ಕು, ಬಟ್ಟೆಯಲ್ಲಿ ಸುತ್ತಿ, ಎದುರು ಮನೆಗೆ ಕೊಟ್ಟು ಬರುತ್ತಿದ್ದಳು. ಆದರೆ ಮೆಟ್ಟಿಲು ತೊಳೆಯುವ ಸರದಿಯಲ್ಲಿ ರಿಯಾಯಿತಿ ಇಲ್ಲ. 'ಈ ವಾರ ನಿಮ್ಮ ಸರದಿ' ಎಂಬ ರಟ್ಟಿನ ಫಲಕವನ್ನು ತನ್ನ ವಾರ ಮುಗಿದ ಕೂಡಲೇ ಎದುರಿನ ಬಾಗಿಲ ಹಿಡಿಗೆ ನೇತುಹಾಕುತ್ತಿದ್ದಳು. ಮಿಸೆಸ್ ಪೆಟ್ರಿ ತಣ್ಣೀರಿನಲ್ಲೇ ತೊಳೆಯುತ್ತಾಳೆಂದು ಮೂಗು ಮುರಿದದ್ದೂ ಉಂಟು.

ಆ ಶನಿವಾರ ಸಂಜೆ ತಮ್ಮನ ಮಗಳು ರೋನಾ ಚಹಾಕ್ಕೆ ಬಂದಳು. ದಂತವೈದ್ಯರ ಕೌಂಟರಿನಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ, ಬಾಯಿ ಜೋರಿನ ಹೆಂಗಸು. ಬಂದವಳೇ ಅತ್ತೆಯ ಬಿಲ್ಲುಗಳನ್ನು ಹರಡಿಕೊಂಡು ಫೋನಿನಲ್ಲಿ ಕಂಪನಿಗಳ ದರ ಹೋಲಿಸತೊಡಗಿದಳು.

"ಗ್ಯಾಸ್ ಸರಿ ಇದೆ ಆಂಟಿ. ಆದ್ರೆ ಕರೆಂಟು... ಇದು ನಿಮ್ದೇ ಬಿಲ್ಲಾ?"

"ಮತ್ತೇನು, ರಾಣಿ ಮನೇದಾ?"

"ಮೂರು ಹೀಟರ್, ಬಟ್ಟೆ ಒಣಗಿಸೋ ಮಷೀನು, ಹಾಸಿಗೆಗೆ ಕರೆಂಟಿನ ಕಂಬಳಿ, ವಾರಕ್ಕೆರಡು ಸಲ ಓವನ್. ಇಷ್ಟು ಕಡಿಮೆ ಯಾರಿಗೂ ಬರಲ್ಲ. ಒಂದು ಬೆಕ್ಕು ಸಾಕಿದ್ರೂ ಇದಕ್ಕಿಂತ ಜಾಸ್ತಿ ಸುಡುತ್ತೆ."

ನೆಟ್ಟಾಳ ಕಿವಿ ನೆಟ್ಟಗಾಯಿತು. ಹೆಚ್ಚಿನ ಬಿಲ್ಲಿನಲ್ಲಿ ಮೋಸ ಹುಡುಕುವುದು ಅವಳಿಗೆ ಗೊತ್ತಿತ್ತು. ಕಡಿಮೆ ಬಿಲ್ಲಿನಲ್ಲೂ ಮೋಸ ಇರಬಹುದೆಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

"ಗೊತ್ತಾಯ್ತು ಅವರ ಆಟ," ಎಂದಳು. "ಮೀಟರ್ ಕೆಟ್ಟಿದ್ರೂ ಗೊತ್ತಿಲ್ಲದ ಹಾಗೆ ಸುಮ್ನಿರ್ತಾರೆ. ನಾನು ಕಂಪನಿ ಬಿಡ್ತೀನಿ ಅಂದ ದಿನ ಎಲ್ಲಾ ಸೇರಿಸಿ ತಲೆ ಮೇಲೆ ಹಾಕ್ತಾರೆ. ಬಿಡೋದೇ ಇಲ್ಲ ನಾನು!"

"ಹಾಗಾದ್ರೆ ಪರೀಕ್ಷೆ ಮಾಡೋಣ. ಮನೇಲಿ ಎಲ್ಲಾ ಆರಿಸಿ. ಮೀಟರಿನ ಕೆಂಪು ದೀಪ ಮಿಣುಕೋದು ನಿಲ್ಬೇಕು."

ಎಲ್ಲವನ್ನೂ ಆರಿಸಿದರು. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತರು. ಟಾರ್ಚು ಹಿಡಿದು ಇಬ್ಬರೂ ಮೆಟ್ಟಿಲ ಬುಡದ ಮೀಟರು ಕಪಾಟಿಗೆ ಇಳಿದರು. ಹನ್ನೆರಡು ವರ್ಷದ ಹಿಂದೆ ಕಟ್ಟಡಕ್ಕೆ ಹೊಸ ವೈರಿಂಗ್ ಮಾಡಿದವರು ಪ್ರತಿ ಮೀಟರಿಗೂ ಮನೆಯವರ ಹೆಸರಿನ ಚೀಟಿ ಅಂಟಿಸಿದ್ದರು. ಕಂಪನಿಯವರು ಬಿಲ್ಲು ಬರೆಯುವುದೂ ಆ ಚೀಟಿ ನೋಡಿಯೇ. 'ಲಂಸ್ಡೆನ್' ಎಂಬ ಚೀಟಿಯ ಮೇಲಿನ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಕದೀತಿದಾರೆ!" ನೆಟ್ಟಾ ಪಿಸುಗುಟ್ಟಿದಳು. ಅವಳಿಗೆ ಮೊದಲು ಕಂಡದ್ದು ಕೆಳಗಿನ ಮೀನಂಗಡಿಯವನ ಮುಖ. ಅವನ ಮೀಸೆ ಅವಳಿಗೆ ಯಾವತ್ತೂ ಹಿಡಿಸಿರಲಿಲ್ಲ. ಆಮೇಲೆ ಎದುರು ಮನೆ ನೆನಪಾಯಿತು. ಆ ಕೋಟು, ಆ ಸಣ್ಣ ದನಿ, ಹಾಲು ಕಿಟಕಿಯ ಹೊರಗೆ. ಇಷ್ಟು ಬಡತನದ ವೇಷ ಯಾಕೆ? "ನನ್ನ ತಂತಿಗೆ ಕೈ ಹಾಕಿದಾಳೆ ಅವಳು. ತಡಿ, ಈಗ ಗೊತ್ತಾಗುತ್ತೆ," ಎಂದವಳೇ ಮೀಟರಿನ ಕೆಳಗಿನ ಸ್ವಿಚ್ಚನ್ನು ಎಳೆದಳು.

ಮೇಲೆ ಬಾಗಿಲು ತೆರೆದ ಸದ್ದಾಯಿತು.

"ಮಿಸೆಸ್ ಲಂಸ್ಡೆನ್? ನಿಮ್ಮನೇಲೂ ಕರೆಂಟ್ ಹೋಯ್ತಾ? ನನ್ನ ರೇಡಿಯೋ ನಿಂತೋಯ್ತು. ನಾನೇನಾದ್ರೂ ಮಾಡಿದ್ನಾ?"

ನೆಟ್ಟಾ ಮೆಟ್ಟಿಲು ಹತ್ತಿದಳು. ಮಿಸೆಸ್ ಪೆಟ್ರಿಯ ಮನೆ ಕತ್ತಲು. ತನ್ನ ಬಾಗಿಲೊಳಗೆ ಕೈ ಚಾಚಿ ನಡುಮನೆಯ ಸ್ವಿಚ್ಚು ಒತ್ತಿದಳು. ದೀಪ ಹತ್ತಿಕೊಂಡಿತು.

ಚೀಟಿ ಅಂಟಿಸಿದವರು ಎರಡು ಮನೆಯದ್ದನ್ನು ಅದಲುಬದಲು ಮಾಡಿದ್ದರು. ಹನ್ನೆರಡು ವರ್ಷ ತಾನು ಕೊಟ್ಟದ್ದು ಕೋಟು ತೊಟ್ಟು ಕೂತವಳ ಒಂದು ದೀಪ, ಒಂದು ರೇಡಿಯೋದ ಬಿಲ್ಲು. ತನ್ನ ಹೀಟರು, ಒಣಗಿಸುವ ಮಷೀನು, ಬೆಚ್ಚನೆಯ ಹಾಸಿಗೆ ಎಲ್ಲದರ ಬಿಲ್ಲು ಹೋಗುತ್ತಿದ್ದುದು ಎದುರು ಬಾಗಿಲಿಗೆ.

"ಏನಿಲ್ಲ, ಈಗ ಬರುತ್ತೆ," ಎಂದು ಹೇಗೋ ಹೇಳಿದಳು. ರೋನಾ ಕೆಳಗಿನಿಂದ ಸ್ವಿಚ್ಚು ಹಾಕಿದಳು. ಮಿಸೆಸ್ ಪೆಟ್ರಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಒಳಗೆ ಹೋದಳು.

ಮೇಲೆ ಬಂದ ರೋನಾ ಬಾಗಿಲು ಭದ್ರ ಮಾಡಿ ದನಿ ಇಳಿಸಿದಳು. "ಆಂಟಿ, ಬಾಯಿಗೆ ಬೀಗ ಹಾಕ್ಕೊಳ್ಳಿ. ಹೇಳಿದ್ರೆ ಹನ್ನೆರಡು ವರ್ಷದ್ದು ಕೇಳ್ತಾರೆ. ಈಗ್ಲೇ ಹೊಸ ಕಂಪನಿಗೆ ಬದಲಾಯಿಸ್ಬಿಡೋಣ, ಹಳೇದು ಅಲ್ಲಿಗೇ ಮುಚ್ಚೋಗುತ್ತೆ. ಹೆಂಗಿದ್ರೂ ಸೋಮವಾರ ಎದುರು ಮನೆಯವರು ಸಹಿ ಹಾಕಿ ಹೊರಡ್ತಾರಲ್ಲ. ಯಾರಿಗ್ ಗೊತ್ತಾಗುತ್ತೆ?"

ಫೋನು ಮುಂದೆ ಚಾಚಿದಳು. ಒಂದು ಗುಂಡಿ ಒತ್ತಿದರೆ ಮುಗಿಯಿತು.

ನಿಜ ಹೇಳಬೇಕೆಂದರೆ ನೆಟ್ಟಾಳ ಬೆರಳು ಮುಂದಕ್ಕೆ ಹೋಯಿತು. ಅವಳ ಪಿಂಚಣಿ ದೊಡ್ಡದೇನಲ್ಲ, ಚಳಿಗೆ ಅವಳೂ ಹೆದರುವವಳೇ. ಬೇಕರಿಯಲ್ಲಿ ಖೋಟಾ ನೋಟು ಚಾಚುವವರ ಮುಖದಲ್ಲಿ ಒಂದು ಬಗೆಯ ಸಭ್ಯ ನಗು ಇರುತ್ತಿತ್ತು. ಈಗ ರೋನಾಳ ಮುಖದಲ್ಲಿ ಅದೇ ಇತ್ತು. ಬೆಂಕಿಗೂಡಿನ ಮೇಲಿನ ಕನ್ನಡಿಯಲ್ಲಿ ನೋಡಿಕೊಂಡರೆ ತನ್ನ ಮುಖದಲ್ಲೂ ಇತ್ತು.

"ಎತ್ತಿಡು ಅದನ್ನ," ಎಂದಳು. "ಕೇಳಲಿ ಬಿಡು. ಕೊಡೋವಷ್ಟು ಕೊಡ್ತೀನಿ."

"ಆಂಟಿ, ಹುಚ್ಚಾ ನಿಮ್ಗೆ?"

"ಹುಚ್ಚು ಯಾರಿಗೂ ಇಲ್ಲ ಈ ಮನೆಗಳಲ್ಲಿ. ಅದನ್ನೇ ಹೇಳೋಕೆ ಹೋಗ್ತಿದೀನಿ."

ಎದುರು ಬಾಗಿಲ ಹಿಡಿಯಲ್ಲಿ ಸರದಿಯ ಫಲಕ ತೂಗುತ್ತಿತ್ತು. ನೆಟ್ಟಾ ಅದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ತಟ್ಟಿದಳು. ಮಿಸೆಸ್ ಪೆಟ್ರಿ ಕೋಟಿನಲ್ಲೇ ಬಂದಳು. ನೆಟ್ಟಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ, ತಾನು ಅವಳನ್ನು ಕಳ್ಳಿ ಎಂದುಕೊಂಡದ್ದನ್ನೂ.

ಮಿಸೆಸ್ ಪೆಟ್ರಿ ಬಾಗಿಲ ಚೌಕಟ್ಟಿಗೆ ಒರಗಿದಳು.

"ಹಾಗಾದ್ರೆ ಆ ಶುಕ್ರವಾರದ ಸ್ಕೋನು," ಎಂದಳು, "ನನ್ನ ಕರೆಂಟಲ್ಲೇ ಬೇಯ್ತಿದ್ದದ್ದಾ?"

"ಹೂಂ."

"ನಾಲ್ಕೇ ಕೊಡ್ತಿದ್ರಿ."

ನೆಟ್ಟಾ ಫಲಕದ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು.

"ನಾನು ಏನೂ ಹಾಕಿಟ್ಟು ಮರೀತಿರ್ಲಿಲ್ಲ," ಎಂದಳು ಮಿಸೆಸ್ ಪೆಟ್ರಿ. ಅದು ಪ್ರಶ್ನೆಯಂತಿತ್ತು.

"ಒಂದು ದಿನವೂ ಇಲ್ಲ."

"ನನ್ನ ತಲೆ ಸರಿಯಾಗೇ ಇದೆ."

"ನನ್ನದಕ್ಕಿಂತ ಸರಿಯಾಗಿದೆ, ಮಿಸೆಸ್ ಪೆಟ್ರಿ."

ಮಿಸೆಸ್ ಪೆಟ್ರಿ ಒಳಗೆ ಹೋಗಿ, ಧೂಳು ಕೂತ ಹೀಟರಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದಳು. ಸೋಮವಾರದ ಕಾಗದಗಳನ್ನು ಮೇಜಿನಿಂದ ತೆಗೆದು ಖಾನೆಗೆ ಹಾಕಿದಳು. ಆಮೇಲೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ನೆಟ್ಟಾ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು, ಫಲಕವನ್ನು ತನ್ನ ಬಾಗಿಲಿಗೆ ನೇತುಹಾಕಿ, ಬಕೆಟ್ಟಿಗೆ ಬಿಸಿನೀರು ಬಿಟ್ಟಳು.